ಲಿಡಿಯಾ ಬೆಂಡ್‌ನ ನೂರ ಹತ್ತೊಂಬತ್ತು ತಟ್ಟೆಗಳು

ಕಾಲೇಜು ಹಾಸ್ಟೆಲ್, ದಂಡು, ಬೆಂಗಳೂರು
ಸೋಮವಾರ, 18 ನವೆಂಬರ್ 1946

ಪ್ರೀತಿಯ ಅಮ್ಮನಿಗೆ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಎರಡು ಮೈಲಿ ನಡೆದು ಬಂದು ಬಾಯಲ್ಲಿ ಹೇಳಬೇಕಾದ ಮಾತಿದು. ಧೈರ್ಯ ಬರಲಿಲ್ಲ. ನಿನಗೆ ಓದು ಬಾರದು, ಅಕ್ಕಯಮ್ಮ ಟೀಚರೇ ಓದಿ ಹೇಳಬೇಕು, ಅವರ ಗಂಟಲೋ ಮರ್ಫಿ ಟೌನಿನ ಅರ್ಧ ಬೀದಿಗೆ ಕೇಳಿಸುತ್ತದೆ. ಟೀಚರ್, ದಯವಿಟ್ಟು ಬಾಗಿಲು ಹಾಕಿಕೊಂಡು ಓದಿ. ಕಾಗುಣಿತ ತಪ್ಪಿದ್ದರೆ ಬೈಗುಳವನ್ನು ಕೊನೆಗೆ ಇಟ್ಟುಕೊಳ್ಳಿ. ಐದನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಇಂಗ್ಲಿಷ್ ಗಂಜಿ ಕುಡಿದು ಬೆಳೆದವಳ ಕನ್ನಡ ಇಷ್ಟೇ.

ಅಮ್ಮ, ಈ ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಭೂಗೋಳ ಸಂಘದಲ್ಲಿ ನಾನು ಹನ್ನೆರಡು ನಿಮಿಷ ಮಾತಾಡಬೇಕು. ಅಭ್ಯಾಸ ಮಾಡುವಾಗ ಈಗಲೂ ತಡವರಿಸುತ್ತೇನೆ. ಜೂನ್‌ನಲ್ಲಿ ಮಿಸ್ ಹೇಳಿದ್ದರು, ದೂರದ ಒಂದು ಸಣ್ಣ ಊರನ್ನು ಆರಿಸಿಕೊಂಡು ಅದರ ಚರಿತ್ರೆ, ಜನಸಂಖ್ಯೆ ಹೇಳಿ ಅಂತ. ಉಳಿದವರು ಲೈಬ್ರರಿಗೆ ಓಡಿದರು. ನಾನು ಕಣ್ಣು ಮುಚ್ಚಿ ಅಟ್ಲಾಸಿನ ಮೇಲೆ ಕೂದಲ ಪಿನ್ನು ಚುಚ್ಚಿದೆ. ಅದು ಅಮೆರಿಕದಲ್ಲಿ, ನೆಬ್ರಾಸ್ಕಾ ಅನ್ನುವ ಸೀಮೆಯ ಲಿಡಿಯಾ ಬೆಂಡ್ ಎಂಬ ಚುಕ್ಕೆಯ ಮೇಲೆ ಕೂತಿತು. ಅಮೆರಿಕ ಗೊತ್ತಲ್ಲ, ಯುದ್ಧದ ಕಾಲದಲ್ಲಿ ನಿನ್ನ ಇಡ್ಲಿಗೆ ಸಕ್ಕರೆ ಕೇಳುತ್ತಿದ್ದ ಸಿಪಾಯಿಗಳ ದೇಶ.

ಆ ಊರಿನ ಬಗ್ಗೆ ಯಾವ ಪುಸ್ತಕದಲ್ಲೂ ಒಂದು ಸಾಲು ಸಿಗಲಿಲ್ಲ. ಹೆದರಿಕೆಯಲ್ಲಿ ಅಲ್ಲಿನ ಪೋಸ್ಟ್‌ಮಾಸ್ಟರಿಗೇ ಕಾಗದ ಬರೆದುಬಿಟ್ಟೆ: 'ಮಾನ್ಯರೇ, ಈ ದಿನಕ್ಕೆ ನಿಮ್ಮ ಊರಿನಲ್ಲಿ ಸರಿಯಾಗಿ ಎಷ್ಟು ಜನ ಇದ್ದೀರಿ? ಒಂದೂ ಹೆಚ್ಚುಕಡಿಮೆ ಆಗಬಾರದು.' ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಹೋದ ಮಂಗಳವಾರ ಉತ್ತರ ಬಂತು. ಹದಿನಾಲ್ಕು ಹಾಳೆ! ಬರೆದದ್ದು ಆಲ್ಮಾ ಎಂಬ ಅಜ್ಜಿ, ಮೂವತ್ತು ವರ್ಷದಿಂದ ಅಲ್ಲಿ ಅಂಚೆ ನೋಡಿಕೊಳ್ಳುವವರು. ಅವರು ಬರೆದಿರುವ ಚರಿತ್ರೆ ಕೇಳು. ಎಪ್ಪತ್ತೈದು ವರ್ಷದ ಹಿಂದೆ ಅದು ಬರೀ ಹುಲ್ಲುಗಾವಲು. ಲಿಡಿಯಾ ಎಂಬ ವಿಧವೆ ಗಾಡಿಯಲ್ಲಿ ಎಲ್ಲಿಗೋ ಹೋಗುತ್ತಿದ್ದವಳು, ಅಚ್ಚು ಮುರಿದು ಅಲ್ಲೇ ಇಳಿದಳು. ಹತ್ತಿರದಲ್ಲೇ ರೈಲು ಹಳಿ ಹಾಕುವ ಕೂಲಿಯವರು ಇದ್ದರು. ಒಲೆ ಹೂಡಿ ಅವರಿಗೆ ರೊಟ್ಟಿ ಸುಟ್ಟುಕೊಟ್ಟಳು. ರೊಟ್ಟಿಯ ವಾಸನೆ ಬರುವಷ್ಟು ದೂರದಲ್ಲಿ ಒಬ್ಬೊಬ್ಬರೇ ಗುಡಿಸಲು ಹಾಕಿದರು, ಊರಾಯಿತು. ಒಂದು ಕಾಲಕ್ಕೆ ಆರು ನೂರ ನಲವತ್ತು ಜನ. ಆಮೇಲೆ ಮಳೆ ಹೋಯಿತು, ಮಣ್ಣು ಗಾಳಿಗೆ ಎದ್ದಿತು, ಜನ ಚದುರಿದರು. ನಮ್ಮ ಚರಿತ್ರೆ ಪುಸ್ತಕದಲ್ಲಿ ಊರು ಕಟ್ಟುವವರೆಲ್ಲ ಕುದುರೆ ಮೇಲಿರುತ್ತಾರೆ. ಇಲ್ಲಿ ಒಬ್ಬ ಹೆಂಗಸು, ಒಂದು ಒಲೆ. ಓದುವಾಗ ಬೆಳಗಿನ ಜಾವ ವಿಮಾನ ಕಾರ್ಖಾನೆಯವರಿಗೆ ಇಡ್ಲಿ ಬೇಯಿಸುವ ನಿನ್ನ ಮುಖವೇ ಕಂಡಿತು.

ಜನಸಂಖ್ಯೆಯ ಭಾಗ ಬಂದಾಗ ನಕ್ಕು ನಕ್ಕು ಮಂಚದಿಂದ ಬಿದ್ದೆ. ನನ್ನ ಕಾಗದವನ್ನು ಆಲ್ಮಾ ಅಜ್ಜಿ ಭಾನುವಾರ ಚರ್ಚಿನಲ್ಲಿ ಓದಿದರಂತೆ. ಇಂಡಿಯಾದ ಹುಡುಗಿ ಕೇಳಿದ್ದಾಳೆ, ತಪ್ಪು ಲೆಕ್ಕ ಕಳಿಸಿದರೆ ಊರಿನ ಮಾನ ಹೋಗುತ್ತದೆ ಅಂತ ಎಲ್ಲರೂ ಎಣಿಸಲು ಕೂತರು. ಜಗಳ ಶುರು! ಓಟಿಸ್ ಎಂಬ ಮುದುಕನ ಮನೆ ಊರಿನ ಗಡಿಯ ಮೇಲಿದೆ, ಅಡುಗೆಮನೆ ಈಚೆ, ಮಲಗುವ ಕೋಣೆ ಆಚೆ. ಅವನನ್ನು ಬಿಟ್ಟೇ ಎಣಿಸಿದ್ದರು. 'ಗೊರಕೆ ಹೊಡೆಯೋದು ಆಚೆ ಇರಬಹುದು ಕಣ್ರಯ್ಯ, ಉಣ್ಣೋದು ಇಲ್ಲಿ! ನನ್ನ ತಟ್ಟೆ ನಿಮ್ಮೂರಲ್ಲಿದೆ' ಅಂತ ಕೋಲು ಎತ್ತಿಕೊಂಡು ಬಂದನಂತೆ. ಸರಿ, ತಟ್ಟೆ ಎಲ್ಲೋ ಮನುಷ್ಯ ಅಲ್ಲೇ ಎಂದು ತೀರ್ಮಾನವಾಯಿತು. ಕೂಡಲೇ ಒಬ್ಬ ತಾಯಿ ಎದ್ದು ನಿಂತಳು. ಅವಳ ಮಗ ಪಟಾಲಮ್ಮಿನಲ್ಲಿ ಜಪಾನಿನಲ್ಲಿದ್ದಾನೆ. 'ಪ್ರತಿ ಭಾನುವಾರ ಅವನ ತಟ್ಟೆಯನ್ನೂ ಇಡುತ್ತೇನೆ. ಅವನನ್ನೂ ಬರೆದುಕೊಳ್ಳಿ' ಅಂದಳು. ಅವನನ್ನೂ ಬರೆದುಕೊಂಡರು. ಒಟ್ಟು ನೂರ ಹತ್ತೊಂಬತ್ತು, ಎಲ್ಲರ ಹೆಸರೂ ನನ್ನ ಹತ್ತಿರ ಇದೆ.

ಹದಿನಾಲ್ಕನೆಯ ಹಾಳೆಯಲ್ಲಿ ಅಜ್ಜಿ ಕೇಳಿದ್ದಾರೆ: 'ನಮ್ಮವರನ್ನೆಲ್ಲ ಎಣಿಸಿ ಕೊಟ್ಟಾಯಿತು, ಈಗ ನಿನ್ನ ಸರದಿ. ನಿನ್ನ ತಟ್ಟೆ ಎಲ್ಲಿದೆ ಮಗಳೇ? ಆ ಮನೆಯಲ್ಲಿ ಎಷ್ಟು ಜನ?'

ನಗು ಅಲ್ಲೇ ನಿಂತಿತು ಅಮ್ಮ.

ಗೌರಿ ಹಬ್ಬದ ಮರುದಿನ ನೀನು ಹಾಸ್ಟೆಲ್ ಗೇಟಿಗೆ ಕಜ್ಜಾಯದ ಡಬ್ಬಿ ತಂದಿದ್ದೆ. ಪಕ್ಕದಲ್ಲಿ ನನ್ನ ರೂಮಿನ ರೋಡಾ ಇದ್ದಳು. ಯಾರು ಅಂತ ಕೇಳಿದಳು. 'ನಮ್ಮ ಹಳೇ ಆಯಾ' ಅಂದೆ. ಇಂಗ್ಲಿಷಿನಲ್ಲೇ ಅಂದೆ, ಆದರೆ ಇಂಗ್ಲಿಷ್ ಸಾರ್ಜೆಂಟನ ಹೆಂಡತಿಯಾಗಿದ್ದ ನಿನಗೆ ಆ ಒಂದು ಮಾತು ತಿಳಿಯದೇ ಇರುತ್ತದೆಯೇ? ಅಪ್ಪ ತೀರಿಕೊಂಡ ಮೇಲೆ ನೀನು ಯಾರದೋ ಬಂಗಲೆಯಲ್ಲಿ ಅದೇ ಆಗಿದ್ದೆಯಲ್ಲ. ನೀನು ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು, 'ಅಮ್ಮೋರು ಕಳ್ಸವ್ರೆ, ತಗೊಳ್ಳಿ ಬೇಬಿ' ಅಂದು ಡಬ್ಬಿ ಕೊಟ್ಟು ಹೋದೆ. ನನ್ನ ಸುಳ್ಳಿಗೆ ಒಂದು ಬಿರುಕೂ ಬೀಳದ ಹಾಗೆ ನೋಡಿಕೊಂಡೆ. ಅವತ್ತಿನಿಂದ ಪರೀಕ್ಷೆ, ನೆಗಡಿ, ಮಳೆ ಅಂತ ಒಂದೊಂದು ನೆಪ ಹೇಳಿ ಮನೆಗೆ ಬಂದಿಲ್ಲ. ಯಾವುದೂ ನಿಜವಲ್ಲ. ನಾಚಿಕೆಯಾಗಿತ್ತು. ಮೊದಲು ನಿನ್ನ ಬಗ್ಗೆ, ಆಮೇಲೆ ನನ್ನ ಬಗ್ಗೆ.

ಕಳೆದ ವಾರ ಹಲಸೂರು ಮಾರ್ಕೆಟ್ಟಿನಲ್ಲಿ ಟೀಚರ್ ಸಿಕ್ಕಿದ್ದರು. 'ಲೇ ಐವಿ, ನಿಮ್ಮಮ್ಮ ಭಾನುವಾರ ಈಗ್ಲೂ ಎರಡು ತಟ್ಟೆ ತೊಳೀತಾಳೆ ಕಣೇ, ಒಂದ್ರಲ್ಲಿ ಯಾರೂ ಉಂಡಿರಲ್ಲ' ಅಂದರು. ಟೀಚರ್, ನೀವು ಹೇಳಿದ್ದನ್ನು ಅಮ್ಮನಿಗೆ ಹೇಳಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ.

ಆಲ್ಮಾ ಅಜ್ಜಿಗೆ ಇವತ್ತು ಬೆಳಿಗ್ಗೆ ಉತ್ತರ ಹಾಕಿದೆ: 'ನನ್ನ ತಟ್ಟೆ ಮರ್ಫಿ ಟೌನಿನಲ್ಲಿದೆ. ಅದು ನೀಲಿ ಅಂಚಿನ ಪಿಂಗಾಣಿ ತಟ್ಟೆ. ಮನೆಯ ಜನಸಂಖ್ಯೆ ಎರಡು. ಮನೆಯ ಯಜಮಾನಿ ಚಿಕ್ಕಮುನಿಯಮ್ಮ, ನನ್ನ ತಾಯಿ.' ಆರು ತಿಂಗಳಿನಿಂದ ಕಾಲೇಜಿನಲ್ಲಿ ಬರೆಯಲಾಗದ ಒಂದು ಸಾಲು ನೆಬ್ರಾಸ್ಕಾಗೆ ಎಷ್ಟು ಸಲೀಸಾಗಿ ಬಂತು! ಅದೇ ಗುಂಗಿನಲ್ಲಿ ವಾರ್ಡನ್ ಹತ್ತಿರ ಹೋಗಿ, ಶನಿವಾರದ ಅತಿಥಿ ಚೀಟಿಯಲ್ಲೂ ಅದನ್ನೇ ಬರೆದುಕೊಟ್ಟೆ. ಮೊದಲನೇ ಸಾಲಿನಲ್ಲಿ, ಕಿಟಕಿ ಪಕ್ಕದ ಕುರ್ಚಿ ನಿನ್ನದು.

ಬಾ ಅಮ್ಮ. ಇಡ್ಲಿ ಒಲೆಯ ಹೊಗೆ ಹತ್ತಿದ ಸೀರೆಯಾದರೂ ಸರಿ. ಪಕ್ಕದ ಮನೆ ಉಮ್ಮೆ ಕುಲ್ಸುಂ ಬೀಯನ್ನು ಮಾತ್ರ ಸೀರೆ ಕೇಳಬೇಡ, ಅವರು ಜರಿ ಸುತ್ತಿ ನಿನ್ನನ್ನು ಮದುವೆ ಹೆಣ್ಣು ಮಾಡಿ ಕಳಿಸುತ್ತಾರೆ. ನೀನು ಆ ಕುರ್ಚಿಯಲ್ಲಿದ್ದರೆ ಹನ್ನೆರಡು ನಿಮಿಷ ಏನು, ನೂರ ಹತ್ತೊಂಬತ್ತು ಹೆಸರನ್ನೂ ತಡವರಿಸದೆ ಹೇಳುತ್ತೇನೆ. ಬರದಿದ್ದರೂ ನಿನ್ನ ತಪ್ಪಲ್ಲ. ಕುರ್ಚಿ ಮಾತ್ರ ಹಾಗೇ ಇರುತ್ತದೆ, ನಿನ್ನ ಮನೆಯ ತಟ್ಟೆಯ ಹಾಗೆ.

ಟೀಚರ್, ಇನ್ನು ಬಾಗಿಲು ತೆಗೆಯಿರಿ. ಮೊದಲಿನಿಂದ ಇನ್ನೊಂದು ಸಲ ಓದಿ, ನಿಮ್ಮ ಪೂರಾ ಗಂಟಲಿನಲ್ಲಿ.

ನಿನ್ನ ಮಗಳು,
ಐವಿ

ತಾ.ಕ.: ಚೀಟಿ ಕೊಟ್ಟು ಬಂದು ರೋಡಾಗೂ ನಿಜ ಹೇಳಿದೆ. ಇನ್ನು ಇವಳು ನನ್ನ ಜೊತೆ ಮಾತು ಬಿಡುತ್ತಾಳೆ ಅಂತಲೇ ಅಂದುಕೊಂಡಿದ್ದೆ. ಅವಳು ಹೊದಿಕೆಯೊಳಗಿನಿಂದಲೇ ನಕ್ಕಳು. ಅವಳಿಗೆ ಅವತ್ತೇ ಗೊತ್ತಿತ್ತಂತೆ. ಡಬ್ಬಿ ಕೊಡುವಾಗ ನನ್ನ ಮುಂಗುರುಳು ಸರಿಸಲು ನಿನ್ನ ಕೈ ಮೇಲೆ ಬಂದು ಅರ್ಧದಲ್ಲೇ ನಿಂತಿತಂತೆ. ಆಯಾ ಆಗಿದ್ದರೆ ಸುಮ್ಮನೆ ಸರಿಸಿಬಿಡುತ್ತಿದ್ದಳು, ಅಮ್ಮನಾದ್ದರಿಂದ ತಡೆದುಕೊಂಡರು ಅಂದಳು. ಶನಿವಾರ ನಿನ್ನ ಪಕ್ಕದ ಕುರ್ಚಿಯಲ್ಲಿ ಅವಳೇ ಕೂರುತ್ತಾಳಂತೆ, ಕೂಲಿಯಾಗಿ ಕಜ್ಜಾಯ ಬೇಕಂತೆ. ಬರ್ತೀಯಾ ಇಲ್ಲವಾ, ಬೇಗ ಉತ್ತರ ಬರೆಸಿ ಕಳಿಸು.