ಎರಡಿಂಚು ಜಾಸ್ತಿ

ಜೂನ್ ೧೫, ಭಾನುವಾರ

ರೀ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಶಾಲೆಗಳು ಶುರುವಾಗುವ ಸಮಯ, ನನ್ನ ಹೊಲಿಗೆ ಮಷಿನ್ ಸುತ್ತ ಯೂನಿಫಾರಂ ಬಟ್ಟೆಯ ಗುಡ್ಡ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ನೀವು ಎತ್ತಿದರೆ ತಾನೇ? ಮಗ ಹೋದ ಹದಿನೈದನೇ ದಿನಕ್ಕೆ ಲಾರಿ ಹತ್ತಿದವರು, ಏಳು ತಿಂಗಳಾಯಿತು, ಒಂದು ಲೋಡ್ ಇಳಿಸಿ ಇನ್ನೊಂದು ಏರಿಸಿಕೊಂಡು ಓಡುತ್ತಲೇ ಇದ್ದೀರಿ. ಅದಕ್ಕೇ ಲಾರಿ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಾನೂ ಮಗಳೂ ಈಗ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಗೆ ಹೋಗುತ್ತೇವೆ. ಮನೆಯವರನ್ನು ಕಳೆದುಕೊಂಡ ಮಕ್ಕಳು ಒಂದು ಕೋಣೆಯಲ್ಲಿ, ನಿವೃತ್ತ ಟೀಚರೊಬ್ಬರ ಜೊತೆ. ನಾವು ದೊಡ್ಡವರು ಪಕ್ಕದ ಕೋಣೆಯಲ್ಲಿ. ಎಲ್ಲರೂ ಸೇರಿ ಗೋಳೋ ಅನ್ನುವುದಕ್ಕೆ ಮಹಡಿ ಬೇರೆ ಹತ್ತಬೇಕಾ ಎಂದು ಮೊದಲು ಮೂಗು ಮುರಿದಿದ್ದೆ. ಹಾಗೇನಿಲ್ಲ. ಹೆಂಡತಿಯನ್ನು ಕಳೆದುಕೊಂಡ ಕ್ಷೌರಿಕರೊಬ್ಬರು ಬರುತ್ತಾರೆ, ಇಬ್ಬರು ಹೆಣ್ಣುಮಕ್ಕಳು. ಊರಿನ ತಲೆಗಳೆಲ್ಲ ಅವರ ಕೈಯಲ್ಲಿ, ಮಕ್ಕಳಿಗೆ ಜಡೆ ಹೆಣೆಯಲು ಮಾತ್ರ ಬಾರದು! ನಾವು ಹೆಂಗಸರು ಕಲಿಸಿದೆವು. ಈಗ ನಮಗೇ ತಪ್ಪು ತೋರಿಸುತ್ತಾರೆ.

ಹೋದ ವಾರ ನಾನೊಂದು ಎಡವಟ್ಟು ಮಾಡಿಕೊಂಡೆ. ಗಿರಾಕಿಗಳ ಪ್ಯಾಂಟು ಕತ್ತರಿಸುತ್ತಾ ಕತ್ತರಿಸುತ್ತಾ, ಚೀಟಿಯನ್ನೂ ನೋಡದೆ, ನಮ್ಮ ಹುಡುಗನ ಅಳತೆಗೊಂದು ಕತ್ತರಿಸಿ ಹೊಲಿದೇಬಿಟ್ಟೆ. ಅದೂ ಪ್ರತಿ ವರ್ಷದಂತೆ ಎರಡಿಂಚು ಜಾಸ್ತಿ ಹಿಡಿದು. ಇಸ್ತ್ರಿ ಹಾಕುವಾಗ ಗೊತ್ತಾಯಿತು. ನಿನ್ನೆ ಅದನ್ನು ಅಲ್ಲಿಗೆ ಒಯ್ದು, ಮಡಿಲಲ್ಲಿಟ್ಟುಕೊಂಡು ಎಲ್ಲ ಹೇಳಿದೆ. "ಸಮಾಧಾನ ಮಾಡ್ಕೊಳ್ಳಿ" ಎಂದು ಯಾರೂ ಅನ್ನಲಿಲ್ಲ. ಕ್ಷೌರಿಕರು ಪ್ಯಾಂಟನ್ನು ಎತ್ತಿ ಹಿಡಿದು ನೋಡಿದರು.

"ಎರಡಿಂಚು ಎಲ್ಲಿ ಸಾಲ್ತಿತ್ತು ತಂಗಿ? ಹದಿಮೂರಕ್ಕೆ ಹುಡುಗ್ರು ನೋಡ್ತಾ ನೋಡ್ತಾ ಎದ್ದುಬಿಡ್ತಾರೆ" ಎಂದರು.

ಅಳು ಬಂತು ರೀ. ನಗುವೂ ಬಂತು. ನೀವು ಪಕ್ಕದಲ್ಲಿರಬೇಕಿತ್ತು. ಅವನ ವಿಷಯ ನಿಮ್ಮೊಡನೆ ಮಾತಾಡಬೇಕೆಂದು ಜೀವ ಹಾತೊರೆಯುತ್ತದೆ. ಮನೆಯ ಮೂಲೆಮೂಲೆಯಲ್ಲೂ ಅವನೇ ಕಾಣುತ್ತಾನೆ, ಇರಲಾರೆ ಎಂದಿರಿ. ನನಗೂ ಕಾಣುತ್ತಾನೆ, ಅದಕ್ಕೇ ನಾನು ಇಲ್ಲಿಂದ ಕದಲಲಾರೆ. ನಿಮ್ಮ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು.

ದೇವರು ನಿಮ್ಮನ್ನು ದಾರಿಯುದ್ದಕ್ಕೂ ಕಾಪಾಡಲಿ. ನಿದ್ದೆ ಬಂದರೆ ಹಟ ಮಾಡದೆ ಗಾಡಿ ಬದಿಗೆ ಹಾಕಿ ಮಲಗಿ.

ನಿಮ್ಮವಳು

ತಾ.ಕ.: ಇದೊಂದನ್ನು ಬರೆಯಲು ಕೈ ಬಂದಿರಲಿಲ್ಲ. ಮಕ್ಕಳ ಕೋಣೆಯಲ್ಲಿ ಒಂದು ದೊಡ್ಡ ಬಟ್ಟೆಯಿದೆ. ಮನೆಯಲ್ಲಿ ಯಾರು ಇಲ್ಲವಾದರೋ ಅವರ ಲೆಕ್ಕಕ್ಕೊಂದು ಗುಂಡಿಯನ್ನು ಮಕ್ಕಳೇ ಅದಕ್ಕೆ ಹೊಲಿಯುತ್ತಾರೆ. ನಮ್ಮವಳು ಎರಡು ಹೊಲಿದಿದ್ದಾಳೆ. ಒಂದು ಅಣ್ಣನದು. ಇನ್ನೊಂದು ಯಾರದೆಂದು ಟೀಚರ್ ಕೇಳಿದರೆ "ಅಪ್ಪಂದು" ಅಂದಳಂತೆ. ಹೋಗಿ ನೋಡಿದೆ. ನಿಮ್ಮ ಖಾಕಿ ಅಂಗಿಯ ಗುಂಡಿ, ಮುಟ್ಟಿದರೆ ಅಲ್ಲಾಡುತ್ತಿತ್ತು.

"ದಾರಕ್ಕೆ ಗಂಟೇ ಹಾಕಿಲ್ವಲ್ಲೇ, ಬಿದ್ದುಹೋಗುತ್ತೆ" ಅಂದೆ.

"ಇರ್ಲಿ ಬಿಡಮ್ಮ" ಅಂದಳು. "ಅಪ್ಪ ಬಂದ್ರೆ ತೆಗೀಬೇಕಲ್ಲ."