ಸೈಲೆನ್ಸರ್ ಮಸಿಯ ದೃಷ್ಟಿಬೊಟ್ಟು

ದಾವಣಗೆರೆ
ಆಯುಧಪೂಜೆ, ಇಸವಿ ೨೧೪೬

ಮುತ್ತಜ್ಜ ಕೊಟ್ರೇಶಪ್ಪನವರಿಗೆ, ನಿಮ್ಮ ಮೊಮ್ಮಗಳ ಮಗಳು ಹಾಲಮ್ಮ ಮಾಡುವ ನಮಸ್ಕಾರ.

ಇಸವಿ ನೋಡಿ ಗಾಬರಿಯಾಗಬೇಡಿ. ನೀವಿರುವ ೨೦೨೬ರಲ್ಲಿ ನಾನಿನ್ನೂ ಹುಟ್ಟಿಲ್ಲ, ಆದರೂ ನನಗೆ ಎಪ್ಪತ್ತೊಂಬತ್ತು, ನಿಮಗೆ ಮೂವತ್ತೆರಡು. ಶಾಲೆ ಹೆಚ್ಚು ಕಂಡವಳಲ್ಲ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬೈಗುಳವನ್ನು ಮಾತ್ರ ಹಾಗೆ ನುಂಗಿಬಿಡಬೇಡಿ.

ನಿಮ್ಮ ಫೋಟೊ ನನ್ನ ಮುಂದಿದೆ. ನೀವು ಓಡಿಸುವ ಶಾಲಾ ವ್ಯಾನಿಗೆ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಪಕ್ಕದಲ್ಲಿ ಆರು ವರ್ಷದ ಮಗಳು ಇಂಚರ, ಕೆನ್ನೆಯ ಮೇಲೆ ಕರಿ ಬೊಟ್ಟು. ಕಾಡಿಗೆ ಡಬ್ಬಿ ಮನೆಯಲ್ಲೇ ಉಳಿದಿತ್ತಂತೆ. ನೀವು ಬಗ್ಗಿ, ಸೈಲೆನ್ಸರ್ ಕೊಳವೆಯೊಳಗೆ ಬೆರಳಾಡಿಸಿ, ಆ ಮಸಿಯನ್ನೇ ಕೂಸಿನ ಕೆನ್ನೆಗೆ ಒತ್ತಿದಿರಿ. ಎಲ್ಲರೂ ನಕ್ಕರಂತೆ. ಥೂ! ಬರೆಯುವಾಗಲೂ ಬಾಯಿ ಕಹಿಯಾಗುತ್ತದೆ. ಯಾರ ಕಣ್ಣೂ ತಾಗದಿರಲೆಂದು, ತಾಗುವುದನ್ನೇ ತೆಗೆದು ಹಚ್ಚಿದಿರಲ್ಲ!

ಬೊಟ್ಟು ತೊಳೆದರೆ ಹೋಗುತ್ತೆ ಬಿಡಿ. ದಿನಾ ಶಾಲೆ ಗೇಟಿನ ಮುಂದೆ ಅರ್ಧ ಗಂಟೆ ಎಂಜಿನ್ ಗುರುಗುಟ್ಟಿಸುತ್ತ ನಿಲ್ಲುತ್ತೀರಲ್ಲ, ಅದು? ಬ್ಯಾಟರಿ ವೀಕು, ಆಫ್ ಮಾಡಿದರೆ ಮತ್ತೆ ತಳ್ಳಬೇಕು ಅಂತೀರಿ. ನಿಮ್ಮ ಹಿಂದೆ ಇನ್ನೂ ಹನ್ನೆರಡು ವ್ಯಾನು, ಅವರದೂ ಅದೇ ರಾಗ. ಮಕ್ಕಳ ಮೂಗು ನಿಮ್ಮ ಮೂಗಿಗಿಂತ ಆ ಕೊಳವೆಗೇ ಹತ್ತಿರ. ಹೊಗೆ ತಪಾಸಣೆಗಾದರೂ ವ್ಯಾನ್ ಒಯ್ದಿರಾ? ನಂಬರ್ ಪ್ಲೇಟಿನ ಫೋಟೊ ಕಳಿಸಿ ಪಾಸಾದ ಚೀಟಿ ತರಿಸಿಕೊಂಡಿರಿ. ಅಸಹ್ಯ.

ಈಗ ಇಲ್ಲಿ ಶಾಲೆಯ ಸುತ್ತ ಉಸಿರುಬೀದಿ, ಅಂದರೆ ಎಂಜಿನ್ ಕಾಲಿಡದ ಬೀದಿ. ಮಕ್ಕಳು ಎಳೆಬಂಡಿಯಲ್ಲಿ ಬರುತ್ತಾರೆ; ತಲೆಯ ಮೇಲಿನ ತಂತಿ ಹಿಡಿದು ಸದ್ದಿಲ್ಲದೆ ಓಡುವ ಬಂಡಿ ಅದು. ಇಳಿದು ಕಿರುಚುತ್ತಾರೆ, ಜಗಳಾಡುತ್ತಾರೆ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೂ ಬಿಳಿಯೇ. ಇವತ್ತು ನಾನು ಪೂಜೆ ಮಾಡಿದ್ದು ಸೈಕಲ್ಲಿಗೆ, ಮತ್ತೆ ನನ್ನ ಹಳೇ ಚಪ್ಪಲಿಗೆ. ನಗಬೇಡಿ.

ಇಂಚರಜ್ಜಿಯನ್ನು ನಾನು ಕಂಡಿದ್ದೇನೆ. ನನಗಾಗ ಎಂಟು, ಅವರಿಗೆ ಐವತ್ತೈದು. ಉಚ್ಚಂಗಿ ಗುಡ್ಡ ಹತ್ತಿದ ಹುಡುಗಿಯ ಕತೆ ಹೇಳುತ್ತಿದ್ದರು. ನಾಲ್ಕು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು, ಎದೆಯೊಳಗೆ ಸಿಳ್ಳೆ. ಹುಡುಗಿ ಅರ್ಧ ಗುಡ್ಡ ಹತ್ತುವಷ್ಟರಲ್ಲೇ ಕತೆ ನಿಲ್ಲುತ್ತಿತ್ತು, ದಿನಾ. ನಿಮ್ಮನ್ನು ಒಮ್ಮೆಯೂ ದೂರಲಿಲ್ಲ. ಅಪ್ಪನಿಗೆ ನಾನಂದ್ರೆ ಪ್ರಾಣ ಅನ್ನುತ್ತಿದ್ದರು. ಅದೇ ನನ್ನ ಹೊಟ್ಟೆ ಉರಿಸುವುದು.

ಅಜ್ಜಾ, ನಿಮಗಿನ್ನೂ ಹೊತ್ತಿದೆ. ಒದ್ದೆ ಬಟ್ಟೆಯಿಂದ ಆ ಕೆನ್ನೆ ಒರೆಸಿ. ದಸರಾ ರಜೆ ಮುಗಿದ ದಿನ, ಗೇಟಿನ ಮುಂದೆ ಎಂಜಿನ್ ಆಫ್ ಮಾಡಿ. ಹದಿಮೂರು ಜನ ಡ್ರೈವರುಗಳಿದ್ದೀರಿ, ಒಬ್ಬರ ವ್ಯಾನ್ ಒಬ್ಬರು ತಳ್ಳಲಾರಿರಾ? ಆ ಕತೆ ಒಮ್ಮೆ ಮುಗಿಯಲಿ. ಗುಡ್ಡದ ತುದಿಯಲ್ಲಿ ಹುಡುಗಿ ಏನು ಕಂಡಳೆಂದು ನನಗೆ ಇಂದಿಗೂ ಗೊತ್ತಿಲ್ಲ.