ಏಳು ಮತ್ತಿಮರದ ತೊಟ್ಟಿಲು

ನೆರಳು ಶಕೆ ೨೧೪, ಹದಿನಾಲ್ಕನೆಯ ತಿಂಗಳ ಇಪ್ಪತ್ತನೆಯ ದಿನ
ಕಾವೇರಿ ಎಡದಂಡೆ

ದೊಡ್ಡಳಿಲಿನ ಮೊದಲ ಎಣಿಕೆ ಪುಸ್ತಕ ಬರೆದ ತಾಯಂದಿರಿಗೆ ಸಿದ್ದಾಜಮ್ಮನ ಶರಣು.

ಹದಿನಾಲ್ಕನೆಯ ತಿಂಗಳು ಎಂದು ಓದಿ ನೀವು ನಕ್ಕಿರಬಹುದು. ಬೇಸಿಗೆ ಬೆಳೆಯುತ್ತಾ ಹೋದಾಗ ಅದನ್ನು ಹಳೆಯ ಹನ್ನೆರಡರೊಳಗೆ ಹಿಡಿಸಲಾಗದೆ ನಮ್ಮ ಹಿರಿಯರು ಇನ್ನೆರಡು ತಿಂಗಳು ಸೇರಿಸಿದರು. ನನ್ನ ಮಾತು ಒರಟಾಗಿ, ಅಲ್ಲಲ್ಲಿ ಅರ್ಥವಾಗದೆ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಊರ ಶಾಲೆಯಲ್ಲಿ ಏಳು ವರ್ಷ ಕಲಿತವಳು ನಾನು, ವಯಸ್ಸು ಐವತ್ತು. ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿಯರು. ಆದರೆ ಆ ಪುಸ್ತಕ ಬರೆದಾಗ ನಿಮಗೆ ನನ್ನಷ್ಟು ವಯಸ್ಸೂ ಆಗಿರಲಿಲ್ಲವಂತೆ. ಏನೆಂದು ಕರೆಯಬೇಕೋ ತಿಳಿಯದೆ ತಾಯಿ ಎಂದಿದ್ದೇನೆ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಬರುತ್ತದೆ ಎಂಬುದನ್ನು ನಮ್ಮ ಮರದ ದೇವಿ ಮತ್ತಿಯಮ್ಮನಿಗೆ ಬಿಟ್ಟಿದ್ದೇನೆ.

ನಮ್ಮಲ್ಲಿ ಹೊಳೆ ದಿನವೂ ಹರಿಯುವುದಿಲ್ಲ. ಒಂಬತ್ತು ದಿನಕ್ಕೊಮ್ಮೆ ಮೇಲಿನ ಕಟ್ಟೆಯಿಂದ ನೀರು ಬಿಡುತ್ತಾರೆ. ಅದಕ್ಕೆ ಹೊಳೆಹಬ್ಬ ಎನ್ನುತ್ತೇವೆ. ಬಟ್ಟೆ ಒಗೆಯುವುದು, ಹಂಡೆ ತುಂಬುವುದು, ಮಕ್ಕಳಿಗೆ ತಲೆಗೆ ಎರೆಯುವುದು, ದೇವರಿಗೆ ಮೀಸಲು ನೀರು ತರುವುದು, ಎಲ್ಲ ಆ ಒಂದು ಬೆಳಿಗ್ಗೆ ಆಗಬೇಕು. ಹೊರಗೆ ಹೋಗುವಾಗ ತಲೆಯಿಂದ ಮಂಡಿಯವರೆಗೆ ನೆರಳುಬಟ್ಟೆ ಹೊದೆಯುತ್ತೇವೆ. ಎರಡು ಪದರದ ನಡುವೆ ಒದ್ದೆ ಸೆಣಬು ತುಂಬಿದ ಕಂಬಳಿ ಎನ್ನಿ. ಇಷ್ಟುದ್ದದ ದಂಡೆಯಲ್ಲಿ ನಿಜವಾದ ನೆರಳೆಂದರೆ ಏಳು ಹೊಳೆಮತ್ತಿ ಮರಗಳದ್ದು. ಅವು ನಿಂತಿರುವುದು ಉಳಿಕೆ ಪಟ್ಟಿಯ ದೆಸೆಯಿಂದ. ಅಪರೂಪದ ಪ್ರಾಣಿಗಳ ಹೆಸರು ಬರೆದ ಪಟ್ಟಿ ಅದು. ಪಟ್ಟಿಯ ಪ್ರಾಣಿ ಇರುವ ಮರವನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲ ಎಂದಾದರೆ ಮರ ಕಡಿದು, ಬೇರಿನಡಿಯ ನೀರಿಗೆ ಕೊಳವೆ ಇಳಿಸುತ್ತಾರೆ. ನಮ್ಮ ಮರಗಳ ಪ್ರಾಣಿ ನಿಮ್ಮ ದೊಡ್ಡಳಿಲು. ಬೆಕ್ಕಿನಷ್ಟು ಗಾತ್ರ, ಬೂದು ಬಣ್ಣ, ಮೈಯಷ್ಟೇ ಉದ್ದದ ಬಾಲ ಎಂದು ಕೇಳಿದ್ದೇವೆ.

ಒಂದೊಂದು ಮರವನ್ನು ಒಂದೊಂದು ಮನೆಯ ಹೆಂಗಸು ಹಿಡಿಯುತ್ತಾಳೆ. ಸಂಬಳವಿಲ್ಲ, ಸೇವೆ. ಹೊಳೆಹಬ್ಬದ ಮರುದಿನ ಬೆಳಗಾಗುತ್ತಲೇ ಮಿಂದು, ಉಪವಾಸವಿದ್ದು, ಮಧ್ಯಾಹ್ನದವರೆಗೆ ಮರದಡಿ ಮೇಲೆ ನೋಡುತ್ತಾ ಕೂರಬೇಕು. ಅಳಿಲಿನ ಗೂಡಿಗೆ ನಾವು ಮತ್ತಿಯಮ್ಮನ ತೊಟ್ಟಿಲು ಎನ್ನುತ್ತೇವೆ. ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಗೂಡಿನಲ್ಲಿ ಹಸಿ ಎಲೆ ಕಂಡರೆ ‘ಇದೆ’ ಎಂದು ಬರೆಯಬಹುದು ಎಂದು ನಿಮ್ಮ ಪುಸ್ತಕದ ಮೊದಲ ಹಾಳೆಯಲ್ಲಿದೆ. ಅದನ್ನು ಹಸಿರುಸಾಕ್ಷಿ ಎಂದು ಕರೆದು ಶಾಸ್ತ್ರದಂತೆ ನಡೆಸಿಕೊಂಡು ಬಂದೆವು. ತೊಟ್ಟಿಲು ಒಣಗಿದವಳ ಮನೆಯಿಂದ ದೇವಿ ಎದ್ದುಹೋದಳು ಎಂಬ ಮಾತನ್ನು ಯಾರು ಯಾವಾಗ ಸೇರಿಸಿದರೋ, ಅದು ನಿಮ್ಮದಲ್ಲ.

ನನ್ನ ಅತ್ತೆ ಈರಾಜಮ್ಮ ಸಾಯುವ ಮುಂಚೆ ಏಳನೆಯ ಮರವನ್ನು ನನಗೆ ವಹಿಸಿದರು. ಆ ವರ್ಷವೆಲ್ಲ ಕೂತೆ. ಏನೂ ಕಾಣಲಿಲ್ಲ. ತೊಟ್ಟಿಲು ಕಂದಿ ಕಡ್ಡಿಯಾಯಿತು. ನನ್ನ ಕಾಲ್ಗುಣವೇ ಕೆಟ್ಟದ್ದೆಂದು ಹೆದರಿದೆ. ಒಂದು ಬೆಳಿಗ್ಗೆ ಏಣಿ ಹಾಕಿ ಹತ್ತಿ, ತಾಯಿ, ನೀನು ಬರುವವರೆಗೆ ಮಾತ್ರ ಎಂದು ಕೈಮುಗಿದು, ಒಂದು ಹಿಡಿ ತಳಿರನ್ನು ಗೂಡಿನಲ್ಲಿಟ್ಟು ಇಳಿದೆ. ಇಪ್ಪತ್ತೆರಡು ವರ್ಷ ಹಾಗೆಯೇ ಇಟ್ಟೆ. ಪ್ರತಿ ಸಲವೂ ‘ಇದೆ’ ಎಂದು ಬರೆದೆ. ಉಳಿದ ಆರು ಮರಗಳಲ್ಲಿ ಇದೆಯಲ್ಲ, ಒಂದು ದಿನ ನನ್ನದಕ್ಕೂ ಹಾರಿ ಬಂದೀತು ಎಂಬುದೊಂದೇ ಧೈರ್ಯ. ಒಮ್ಮೊಮ್ಮೆ ಹತ್ತುವಾಗ ಗೂಡಿನೊಳಗೆ ಏನೋ ಸರಿದಂತಾಗಿ ಏಣಿಯ ಮೇಲೆಯೇ ನಿಲ್ಲುತ್ತಿದ್ದೆ. ನೋಡಿದರೆ ನಾನೇ ಇಟ್ಟ ಒಣ ಎಲೆ.

ಈ ವರ್ಷ ಮೇಲಿನ ದಂಡೆಯ ಎಣಿಕೆಯವರಿಂದ ಕಾಗದ ಬಂತು. ಅವರಲ್ಲಿ ಉಳಿದಿರುವುದು ಒಂದೇ ಒಂದು ಹೆಣ್ಣಂತೆ. ನಿಮ್ಮಲ್ಲಿ ಏಳಿವೆ, ಒಂದು ಗಂಡನ್ನು ಹಿಡಿದು ಕೊಡಿ, ಇಲ್ಲವಾದರೆ ಕುಲವೇ ಮುಗಿಯುತ್ತದೆ ಎಂದು ಬರೆದಿದ್ದರು. ಯಾವ ಮರದಿಂದ ಹಿಡಿಯುವುದೆಂದು ಮಾತಾಡಲು ನಾವು ಏಳು ಜನ ಗುಡಿಯ ಜಗಲಿಯಲ್ಲಿ ಸೇರಿದೆವು.

ಮೊದಲ ಮರದ ನಿಂಗಾಜಮ್ಮ ನನ್ನ ವಾರಗಿತ್ತಿ, ಬಾಯಿ ಜೋರು. “ನನ್ ಮರದ್ದು ಬ್ಯಾಡ ಕನ್ರವ್ವ, ಅದು ಬಸ್ರಿ” ಎಂದಳು.

“ಹೋದ್ ವರ್ಸಾನೂ ಬಸ್ರಿ ಅಂದೆ. ಏನಕ್ಕ, ಆನೆ ಮರಿ ಹೊತ್ಕಂಡದಾ ಅದು?” ಎಂದು ಮೂರನೆಯ ಮರದ ಕೆಂಪಿ ನಕ್ಕಳು.

“ನಗ್ತೀಯಲ್ಲ, ನಿಂದ್ನೇ ಹಿಡ್ಕೊಡು ಮತ್ತೆ” ಎಂದು ನಿಂಗಾಜಮ್ಮ ತಿರುಗಿಬಿದ್ದಳು.

“ನಂದು ಮುದಿ ಆಗದೆ. ಕಣ್ಣೇ ಕಾಣಾಕಿಲ್ಲ ಅದ್ಕೆ.”

ಇನ್ನೊಬ್ಬಳದ್ದು ಕುಂಟು, ಮತ್ತೊಬ್ಬಳದ್ದು ಕಚ್ಚುತ್ತದೆ, ಮಗದೊಬ್ಬಳದ್ದು ಮನುಷ್ಯರ ವಾಸನೆ ಬಡಿದರೆ ಮೇವು ಬಿಡುತ್ತದೆ. ನಾನೂ ಬಾಯಿ ತೆರೆದಿದ್ದೆ, ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೆಂಪಿಯ ಕೈ ಕಂಡಿತು. ಅಂಗೈಯಲ್ಲಿ ನನ್ನದರಂತೆಯೇ ಏಣಿ ಹಿಡಿದು ಎದ್ದ ದಡ್ಡುಗಳಿದ್ದವು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದೆ. ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆಯಲ್ಲಿದ್ದ ಹೆದರಿಕೆ ಆ ಆರು ಮುಖಗಳಲ್ಲೂ ಇತ್ತು. ಏಳು ಮರಕ್ಕೂ ಏಣಿ ಹಾಕಿದವರು ನಾವೇ, ಒಬ್ಬರಿಗೊಬ್ಬರು ತಿಳಿಯದ ಹಾಗೆ.

“ನನ್ ಮರದಲ್ಲಿ ಏನೂ ಇಲ್ಲ ಕನ್ರವ್ವ. ತಳಿರು ಮಡಗ್ತಿದ್ದೋಳು ನಾನೇ” ಎಂದೆ.

ನಿಂಗಾಜಮ್ಮ ಎದ್ದು ನಿಂತಳು. “ನಿನ್ ಮನೆಯಿಂದ ತಾಯಿ ಎದ್ದೋದ್ರೆ ನಮ್ ಮನೇಲೂ ಇಲ್ಲ ಅಂದ್ಬುಟ್ಟೀಯಾ? ಬಾಯ್ ಮುಚ್ಕಂಡು ನಿನ್ ಮರ ನೀ ನೋಡ್ಕ, ಸಿದ್ದಿ” ಎಂದಳು. ಅವಳ ಕಣ್ಣು ತುಂಬಿತ್ತು.

ಬೇರೆಯವರ ಮರದ ಮಾತನ್ನು ನಾನು ಎತ್ತಲಿಲ್ಲ. ಎತ್ತಬೇಕಿತ್ತೋ ಏನೋ, ತಾಯಿಗೇ ಗೊತ್ತು. ಪುಸ್ತಕದಲ್ಲಿ ಆರು ಮರಗಳ ಮುಂದೆ ‘ಇದೆ’ ಎಂದು ಬಿತ್ತು, ಏಳನೆಯದರ ಮುಂದೆ ‘ಕಾಣಲಿಲ್ಲ’ ಎಂದು. ಮೇಲಿನ ದಂಡೆಯವರಿಗೆ ನಾನೊಬ್ಬಳೇ ಬರೆದೆ: ನಮ್ಮನ್ನು ನಂಬಿ ಕೂರಬೇಡಿ, ಬೇರೆ ಕಡೆ ಹುಡುಕಿ. ಉತ್ತರ ಬಂದಿಲ್ಲ. ಅವರ ಆ ಒಂಟಿ ಹೆಣ್ಣು ಕೂಡ ಬರೀ ಹಸಿರುಸಾಕ್ಷಿಯಾಗಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ದೇವರ ಮುಂದೆ ಕೂರುತ್ತೇನೆ. ಆಮೇಲೆ ನನ್ನ ಮರ ಕಡಿದರು, ಕೊಳವೆ ಇಳಿಸಿದರು. ಈಗ ಊರಿನ ಪ್ರತಿ ಮನೆಗೂ ದಿನವೂ ಎರಡು ಕೊಡ ನೀರು ಹೆಚ್ಚಿಗೆ ಸಿಗುತ್ತದೆ. ಆ ನೀರನ್ನು ನಾನೂ ಕುಡಿಯುತ್ತೇನೆ.

ಮೊನ್ನೆ ಮಹಾಲಯ ಅಮಾವಾಸ್ಯೆ ಬಂತು. ಸತ್ತ ದಿನ ಗೊತ್ತಿಲ್ಲದವರಿಗೆ ಅಂದು ಎಡೆ ಇಡುವ ಪದ್ಧತಿ ನಿಮ್ಮಲ್ಲೂ ಇದ್ದೀತು. ಮನೆಯ ಹಿರಿಯರಿಗೆ ಇಟ್ಟಾದ ಮೇಲೆ ಮುತ್ತುಗದ ಎಲೆ ಹಿಡಿದು ಹೊಳೆದಂಡೆಗೆ ಹೋದೆ. ಅಳಿಲು ಇಲ್ಲವಾದ ವರ್ಷವನ್ನು ನಾನೇ ಮುಚ್ಚಿಹಾಕಿದ್ದೆ. ಅದರ ಎಡೆಯೂ ನನ್ನ ಮೇಲೆಯೇ ಅಲ್ಲವೇ. ಕಡಿದ ಬುಡದ ಮೇಲೆ ಎಲೆ ಹಾಸಿ, ನೀರು ಚಿಮುಕಿಸಿ ಕೂತೆ. ಏನು ಬಡಿಸಬೇಕೆಂದು ತೋಚಲಿಲ್ಲ. ಅದು ಏನು ತಿನ್ನುತ್ತಿತ್ತು? ನೀವು ತೆಗೆದ ಚಿತ್ರಗಳನ್ನು ಇಟ್ಟ ಯಂತ್ರಗಳು ಸುಮ್ಮನಾಗಿ ಎಷ್ಟೋ ಕಾಲವಾಯಿತು. ನಿಮ್ಮ ಪುಸ್ತಕದ ಹಾಳೆ ಹಾಳೆಯನ್ನೂ ತಿರುವಿದೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು ಎಂದು ಬರೀ ಅಂಕಿ. ಖಾಲಿ ಎಲೆಗೆ ಕೈಮುಗಿದು ಎದ್ದುಬಂದೆ.

ತಾಯಂದಿರೇ, ಕಾಣದ ದಿನ ಕಾಣಲಿಲ್ಲ ಎಂದೇ ಬರೆಯಿರಿ. ಹಾಗೆ ಬರೆದವಳನ್ನು ಯಾರೂ ಹೀಗಳೆಯದಂತೆ ನೋಡಿಕೊಳ್ಳಿ. ಕಂಡ ದಿನ ಅಂಕಿಯ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಿರಿ: ಅದು ಯಾವ ಹಣ್ಣು ಕಿತ್ತಿತು, ಸಿಪ್ಪೆ ಉಗುಳಿತೇ, ಕಾಯಿ ಇಷ್ಟವೋ ಹಣ್ಣು ಇಷ್ಟವೋ. ಮರೆಯಬೇಡಿ. ನಾನು ಇನ್ನೂ ಆರು ಮರದಡಿ ಎಡೆ ಇಡುವುದಿದೆ.

ನಿಮ್ಮ
ಸಿದ್ದಾಜಮ್ಮ